ಮಳೆಯ ಮನೆ, ಹಿಮದ ಮನೆ

ಹಿಮಪಾತವೆಂದರೆ ಚಿತ್ರಪಟಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಕಾಣುವ ಒಂದು ಸೊಬಗೆಂದು ನಮ್ಮಲ್ಲಿ ಬಹುಜನರು ಭಾವಿಸಿರುವುದುಂಟು. ನಮ್ಮ ನಾಡಿಗೆ ಅದರ ಪರಿಚಯವಿಲ್ಲ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೂ ಹಿಮ ಬೀಳುವುದಿಲ್ಲ. ಬೇಸಿಗೆಯ ಗುಡುಗು ಮಳೆಯೊಡನೆ ಬೀಳುವ ಆಲಿಕಲ್ಲು, ಚಳಿಗಾಲದ ಬೆಳಗಿನ ಮಂಜು, ಇಷ್ಟೇ ನಮ್ಮ ಅನುಭವ. ಆದರೆ ಇಂದು ಮೂಡಿಗೆರೆ, ಕಳಸ, ಕೊಪ್ಪ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಉದ್ಯೋಗ ನಿಮಿತ್ತವಾಗಿ ಅಮೆರಿಕ, ಕೆನಡಾ ಮೊದಲಾದ ಶೀತದೇಶಗಳಲ್ಲಿ ನೆಲೆಸಿದ್ದಾರೆ. ಆದುದರಿಂದ ಅಲ್ಲಿಯ ಹಿಮವು ಇಲ್ಲಿಯ ತಂದೆತಾಯಿಗಳ ಚಿಂತೆಯೂ ಆಗಿದೆ. ಇಲ್ಲಿಯ ಆಷಾಢ ಶ್ರಾವಣಗಳ ಮಳೆಯು ಅಲ್ಲಿಯ ಮಕ್ಕಳ ಚಿಂತೆಯಾಗಿದೆ.

ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳ ಒಂದು ಬೆಳಿಗ್ಗೆ, ಬಾಳೂರಿನ ಸಮೀಪದಲ್ಲಿರುವ ನಮ್ಮ ಮನೆಯ ಕಣದಲ್ಲಿ ಕಾಫಿ ಹಣ್ಣು ಒಣಗುತ್ತಿತ್ತು. ನಮ್ಮ ಅತ್ತೆಯವರು ಬಿಸಿಲಿಗೆ ಬೆನ್ನು ಕೊಟ್ಟು ಜಗಲಿಯ ಮೇಲೆ ಕುಳಿತಿದ್ದರು. ಅಮೆರಿಕೆಯ ಮಿನಿಯಾಪೊಲಿಸ್ ನಗರದಲ್ಲಿರುವ ಮೊಮ್ಮಗನ ದೂರವಾಣಿ ಕರೆ ಬಂತು.

“ಅಜ್ಜಿ, ಎರಡು ದಿನದಿಂದ ಮನೆಯಿಂದ ಹೊರಗೇ ಹೋಗಿಲ್ಲ. ಬಾಗಿಲು ತೆಗೆದರೆ ಮೊಣಕಾಲುದ್ದ ಹಿಮ” ಎಂದ ಅವನು.

“ಸೌದೆ ಇದೆಯೇನಪ್ಪಾ?” ಎಂದು ಅತ್ತೆಯವರು ಕೇಳಿದರು.

“ಇಲ್ಲಿ ಸೌದೆ ಇಲ್ಲ ಅಜ್ಜಿ, ಗ್ಯಾಸಿನಿಂದ ಮನೆಯೆಲ್ಲ ಬಿಸಿ ಮಾಡುತ್ತಾರೆ.”

“ಅಕ್ಕಿ, ಬೇಳೆ?”

“ಹದಿನೈದು ದಿನಕ್ಕಾಗುವಷ್ಟಿದೆ.”

“ಹಾಗಾದರೆ ಅವಸರ ಮಾಡಬೇಡ. ಮಳೆ ನಿಂತ ಮೇಲೆ ಹೊರಗೆ ಹೋಗು” ಎಂದರು. ಹಿಮವೆಂಬ ಮಾತು ಅವರ ಬಾಯಿಗೆ ಬರಲಿಲ್ಲ. ಆಕಾಶದಿಂದ ದಿನಗಟ್ಟಲೆ ಸುರಿದು ಮನುಷ್ಯರನ್ನು ಮನೆಯೊಳಗೆ ಕೂರಿಸುವುದೆಲ್ಲವೂ ಅವರ ಪಾಲಿಗೆ ಮಳೆಯೇ.

ಆ ಸಂಭಾಷಣೆಯನ್ನು ಕೇಳುತ್ತಿದ್ದ ನನಗೆ, ಮಳೆಯ ಮನೆಗೂ ಹಿಮದ ಮನೆಗೂ ಎಷ್ಟು ಹೋಲಿಕೆಯಿದೆಯೆಂದು ಮೊದಲು ತೋರಿತು. ಆಮೇಲೆ ಆಲೋಚಿಸಿದಾಗ, ಅವೆರಡಕ್ಕೂ ಒಂದು ದೊಡ್ಡ ಭೇದವಿದೆಯೆಂದೂ, ಆ ಭೇದವನ್ನು ಅರಿಯುವುದರಲ್ಲಿ ನಮ್ಮ ಮನೆಮಂದಿಯ ಪ್ರಾಣರಕ್ಷಣೆಯ ಪ್ರಶ್ನೆಯೇ ಅಡಗಿದೆಯೆಂದೂ ಮನವರಿಕೆಯಾಯಿತು. ಅದನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೇಸಿಗೆಯಲ್ಲಿಯೇ ಮಳೆಗಾಲ

ಮಲೆನಾಡಿನ ಗೃಹಿಣಿಗೆ ಮಳೆಗಾಲವು ಜೂನ್ ತಿಂಗಳಲ್ಲಿ ಆರಂಭವಾಗುವುದಿಲ್ಲ; ಮಾರ್ಚ್ ತಿಂಗಳ ಬಿಸಿಲಿನಲ್ಲಿಯೇ ಆರಂಭವಾಗುತ್ತದೆ. ಹಪ್ಪಳ, ಸಂಡಿಗೆಗಳು ಒಣಗಿ ಡಬ್ಬ ಸೇರಬೇಕು. ಮಾವಿನ ಮಿಡಿ ಉಪ್ಪಿನಲ್ಲಿ ಬೀಳಬೇಕು. ಸೌದೆ ಸೀಳಿ ಒಣಗಿಸಿ ಕೊಟ್ಟಿಗೆಯ ಪಕ್ಕದಲ್ಲಿ ಒಟ್ಟಬೇಕು. ಮೆಣಸಿನಕಾಯಿ, ಹುಣಿಸೆಹಣ್ಣು, ಬೆಲ್ಲ, ಬೇಳೆಗಳು ಅಟ್ಟ ಸೇರಬೇಕು. ಗಂಡಸರು ಒಡೆದ ಹೆಂಚುಗಳನ್ನು ಬದಲಿಸಿ, ಗಾಳಿ ಮಳೆ ಬಂದು ಹೊಡೆಯುವ ದಿಕ್ಕಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ತೋಟದಲ್ಲಿ ಮರಗಸಿ ಮುಗಿಯಬೇಕಾಗಿತ್ತು. ಮನೆಯ ಮೇಲೆ ಬಾಗಿದ ಕೊಂಬೆ ಮೊದಲು ಇಳಿಯಬೇಕಾಗಿತ್ತು. ಹೊರಗೆ ಕೆಲಸ ಮಾಡುವ ಹೆಂಗಸರಿಗೆ ಗೊರಬು, ಗಂಡಸರಿಗೆ ಕಂಬಳಿಕೊಪ್ಪೆ ಸಿದ್ಧವಾಗಿರಬೇಕಾಗಿತ್ತು.

ಮೃಗಶಿರದಲ್ಲಿ ಆರಂಭವಾದ ಮಳೆ ಆರಿದ್ರೆಯಲ್ಲಿ ಬಲಿತು, ಪುನರ್ವಸು, ಪುಷ್ಯಗಳಲ್ಲಿ ಹಗಲಿರುಳೆನ್ನದೆ ಸುರಿದು, ಆಶ್ಲೇಷದಲ್ಲಿ ಹಳ್ಳಕೊಳ್ಳಗಳನ್ನು ಒಂದು ಮಾಡುತ್ತಿತ್ತು. ಕಾಲುಸಂಕ ಕೊಚ್ಚಿಹೋದರೆ ಪೇಟೆಯ ಮುಖ ಕಾಣದೆ ವಾರಗಳೇ ಕಳೆಯುತ್ತಿದ್ದವು. ಆದರೂ ಮನೆಯೊಳಗೆ ಒಲೆ ಉರಿಯುತ್ತಿತ್ತು, ಬಂದವರಿಗೆ ಪ್ರಸಾದಕ್ಕೆ ಕೊರತೆಯಿರಲಿಲ್ಲ. ನಾಲ್ಕು ತಿಂಗಳು ಹೊರಗಿನ ಹಂಗಿಲ್ಲದೆ ಒಳಗೆ ಬಾಳುವುದೇ ನಮ್ಮ ಹಿರಿಯರು ಕಲಿತಿದ್ದ ವಿದ್ಯೆ. ಅದು ಒಂದು ಕಾಯಕವೇ ಸರಿ.

ಇಂದು ಗ್ಯಾಸ್ ಸಿಲಿಂಡರ್, ಫ್ರಿಜ್, ಮಿಕ್ಸಿಗಳು ಬಂದು, ಅಂಗಡಿ ಹತ್ತಿರವಾಗಿ, ಆ ವಿದ್ಯೆ ಸಡಿಲವಾಗಿದೆ. ಆದರೆ ಗಾಳಿಮಳೆಗೆ ಕಂಬ ಮುರಿದು ಮೂರು ನಾಲ್ಕು ದಿನ ವಿದ್ಯುತ್ತು ಇಲ್ಲದಾದಾಗ, ಫ್ರಿಜ್ಜಿನಲ್ಲಿಟ್ಟ ಹಿಟ್ಟು ಹುಳಿಯುತ್ತದೆ, ಪಂಪು ನಡೆಯದೆ ನೀರಿನ ಟ್ಯಾಂಕು ಬರಿದಾಗುತ್ತದೆ, ಮೊಬೈಲ್ ಫೋನು ಮೂಕವಾಗುತ್ತದೆ. ಆಗ ನೆನಪಾಗುವುದು ಅಟ್ಟದ ಮೇಲಿನ ಹಳೆಯ ಸಿದ್ಧತೆಯೇ. ಕನಿಷ್ಠ ಹದಿನೈದು ದಿನದ ದವಸ, ಒಂದು ತುಂಬಿದ ಸಿಲಿಂಡರ್, ಕುದಿಸಿ ಆರಿಸಿದ ಕುಡಿಯುವ ನೀರು, ಟಾರ್ಚು ಮತ್ತು ಸೆಲ್ಲುಗಳು, ರಕ್ತದೊತ್ತಡ ಹಾಗೂ ಸಕ್ಕರೆ ಕಾಯಿಲೆಯವರಿಗೆ ಒಂದು ತಿಂಗಳ ಔಷಧಿ, ಇವು ಮೇ ತಿಂಗಳು ಮುಗಿಯುವುದರೊಳಗೆ ಪ್ರತಿಯೊಂದು ಮನೆಯಲ್ಲಿಯೂ ಇರಬೇಕು.

ಹಿಮದ ನಾಡಿನ ಮನೆ

ಹಿಮದ ನಾಡಿನವರು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಶರತ್ಕಾಲದಲ್ಲಿಯೇ ಮನೆಯ ಬಿಸಿಯ ಯಂತ್ರವನ್ನು ಪರೀಕ್ಷಿಸುತ್ತಾರೆ. ಕಿಟಕಿ ಬಾಗಿಲುಗಳ ಸಂದು ಮುಚ್ಚುತ್ತಾರೆ. ಸಲಿಕೆ, ಉಪ್ಪು, ಉಣ್ಣೆಯ ಬಟ್ಟೆಗಳನ್ನು ಬಾಗಿಲ ಬಳಿ ಇಡುತ್ತಾರೆ. ಶೀತ ಹೆಚ್ಚಾದಾಗ ಕೊಳಾಯಿಯೊಳಗಿನ ನೀರು ಗಡ್ಡೆಗಟ್ಟಿ ಹಿಗ್ಗಿ ಕೊಳವೆಯೇ ಒಡೆಯುವುದರಿಂದ, ಅಂತಹ ರಾತ್ರಿಗಳಲ್ಲಿ ನಲ್ಲಿಯನ್ನು ಸಣ್ಣಗೆ ಹರಿಯಬಿಡುವ ರೂಢಿಯೂ ಉಂಟು.

ಅಲ್ಲಿಯ ಅನೇಕ ನಗರಗಳಲ್ಲಿ ಪ್ರತಿಯೊಬ್ಬ ಗೃಹಸ್ಥನೂ ತನ್ನ ಮನೆಯ ಮುಂದಿನ ಪಾದಚಾರಿ ಹಾದಿಯ ಹಿಮವನ್ನು ಗೊತ್ತಾದ ಅವಧಿಯೊಳಗೆ ತೆಗೆಯಬೇಕೆಂಬ ಕಾನೂನಿದೆ, ತಪ್ಪಿದರೆ ದಂಡ. ಹಿಮ ತೆಗೆಯುವ ವಾಹನಗಳು ಬರುವ ಹೊತ್ತಿಗೆ ಬೀದಿಯಲ್ಲಿ ಕಾರು ನಿಲ್ಲಿಸುವಂತಿಲ್ಲ. ಜಪಾನಿನ ಸಪ್ಪೊರೊ ನಗರದಲ್ಲಿ ಒಂದು ಚಳಿಗಾಲಕ್ಕೆ ಬೀಳುವ ಹಿಮವನ್ನೆಲ್ಲ ಕೂಡಿಸಿದರೆ ಸರಾಸರಿ ಸುಮಾರು 5 ಮೀಟರ್ ಆಗುತ್ತದೆ. ಆದರೂ ಹತ್ತೊಂಬತ್ತು ಇಪ್ಪತ್ತು ಲಕ್ಷ ಜನರ ಆ ನಗರದ ವ್ಯವಹಾರ ನಡೆಯುತ್ತಲೇ ಇರುತ್ತದೆ. ಸಿದ್ಧತೆಯಿದ್ದರೆ ಪ್ರಕೃತಿಯ ಉಗ್ರತೆಯೊಡನೆಯೂ ಬಾಳಬಹುದೆಂಬುದಕ್ಕೆ ಇದು ನಿದರ್ಶನ.

ಆದರೂ ಅಲ್ಲಿ ಸಾವುನೋವುಗಳು ಇಲ್ಲದಿಲ್ಲ. 2022ರ ಡಿಸೆಂಬರಿನಲ್ಲಿ ಅಮೆರಿಕೆಯ ಬಫಲೋ ನಗರ ಮತ್ತು ಸುತ್ತಲ ಪ್ರದೇಶದಲ್ಲಿ ಕ್ರಿಸ್‌ಮಸ್ ಹಬ್ಬದ ವೇಳೆಗೆ ಬೀಸಿದ ಹಿಮಗಾಳಿಯಲ್ಲಿ 40ಕ್ಕೂ ಹೆಚ್ಚು ಜನ ಮಡಿದರು. ಕೆಲವರು ಕಾರಿನಲ್ಲಿ ಸಿಕ್ಕಿಬಿದ್ದರು. ಕೆಲವರು ಬಿಸಿಯಿಲ್ಲದ ಮನೆಯಲ್ಲಿ ಅಸುನೀಗಿದರು. ಕೆಲವರ ಹೃದಯ ಹಿಮವನ್ನು ಎತ್ತಿಹಾಕುವಾಗಲೇ ನಿಂತಿತು. ಚಳಿಗೆ ರಕ್ತನಾಳಗಳು ಸಂಕುಚಿತವಾಗುತ್ತವೆ. ಅದೇ ಸಮಯದಲ್ಲಿ ತೋಳುಗಳಿಗೆ ಭಾರವಾದ ಕೆಲಸ ಬಿದ್ದು ರಕ್ತದೊತ್ತಡ ಏರುತ್ತದೆ. ಬೇಸಾಯದ ಮನೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಸಲಿಕೆ ಹಿಡಿಯುವುದು ಹೊಸದಲ್ಲ. ಆದರೆ ಐವತ್ತು ದಾಟಿದವರು, ಹೃದಯದ ತೊಂದರೆಯಿರುವವರು ಆ ಕೆಲಸಕ್ಕೆ ಕೈಹಾಕಬಾರದು. ಮಗನ ಮನೆಗೆ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಹೋದ ಹಿರಿಯರು ‘ಸುಮ್ಮನೆ ಕುಳಿತಿರಲಾರೆ’ ಎಂದು ಸಲಿಕೆ ಎತ್ತಿಕೊಳ್ಳುವುದನ್ನು ಮಕ್ಕಳು ತಡೆಯಬೇಕು.

ಕಣ್ಣಿಗೆ ಕಾಣದ ವಿಷ

ಹಿಮದ ಮನೆಗೂ ಮಳೆಯ ಮನೆಗೂ ಸಮಾನವಾದ ಒಬ್ಬ ಶತ್ರುವಿದ್ದಾನೆ. ಅದು ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೌದೆ, ಇದ್ದಿಲು, ಗ್ಯಾಸು, ಪೆಟ್ರೋಲು ಯಾವುದೇ ಆಗಲಿ, ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಅದು ಹುಟ್ಟುತ್ತದೆ. ರಕ್ತದಲ್ಲಿ ಪ್ರಾಣವಾಯುವಿರಬೇಕಾದ ಸ್ಥಾನವನ್ನು ಅದು ಆಕ್ರಮಿಸುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ, ಮಂಪರು ಕ್ರಮವಾಗಿ ತಲೆದೋರಿ, ನಿದ್ದೆ ಬಂತೆಂದು ಮಲಗಿದವರು ಮತ್ತೆ ಏಳುವುದಿಲ್ಲ.

2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರಿ ಎಂಬ ಗಿರಿಧಾಮಕ್ಕೆ ಹಿಮ ನೋಡಲು ಹೋದ ಪ್ರವಾಸಿಗರ ವಾಹನಗಳು ದಾರಿಯಲ್ಲಿಯೇ ಹೂತುಹೋದವು. 20ಕ್ಕೂ ಹೆಚ್ಚು ಜನ ತಮ್ಮ ಕಾರುಗಳಲ್ಲಿಯೇ ಸತ್ತರು. ಚಳಿಗೆ ಎಂಜಿನು ನಡೆಸುತ್ತ ಗಾಜು ಏರಿಸಿ ಕುಳಿತಾಗ, ಹೊಗೆಕೊಳವೆ ಹಿಮದಿಂದ ಮುಚ್ಚಿ, ವಿಷಾನಿಲ ಒಳಗೇ ತುಂಬಿದುದೂ ಈ ದುರಂತದ ಒಂದು ಕಾರಣ. ಹಿಮದಲ್ಲಿ ಸಿಕ್ಕಿಕೊಂಡ ಕಾರಿನ ಹೊಗೆಕೊಳವೆಯನ್ನು ಮೊದಲು ಬಿಡಿಸಬೇಕು, ಎಂಜಿನನ್ನು ಆಗಾಗ ಸ್ವಲ್ಪ ಹೊತ್ತು ಮಾತ್ರ ನಡೆಸಬೇಕು, ಗಾಳಿಯ ಮರೆಯ ಕಡೆಯ ಗಾಜನ್ನು ಕೊಂಚ ಇಳಿಸಿರಬೇಕು.

ಇದು ದೂರದ ಕಥೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ. ಪುಷ್ಯ ಮಳೆಯ ಚಳಿಗೆ ಬಾಗಿಲು ಕಿಟಕಿ ಭದ್ರಪಡಿಸಿ, ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಮಲಗುವ ಕೋಣೆಯಲ್ಲಿಡುವ ಅಭ್ಯಾಸ ನಮ್ಮ ಮನೆಗಳಲ್ಲಿಯೂ ತೋಟದ ಲೈನ್ ಮನೆಗಳಲ್ಲಿಯೂ ಇದೆ. ಹಳೆಯ ಮನೆಗಳಲ್ಲಿ ಹೆಂಚಿನ ಸಂದಿನಿಂದ ಗಾಳಿ ಆಡುತ್ತಿತ್ತು. ಇಂದಿನ ತಾರಸಿ ಮನೆಯ ಮುಚ್ಚಿದ ಕೋಣೆಯಲ್ಲಿ ಅದೇ ಕೆಂಡ ಯಮನಾಗುತ್ತದೆ. ಹೊಗೆ ಕಾಣದ ಕೆಂಡ ನಿರಪಾಯವೆಂಬುದು ತಪ್ಪು ತಿಳಿವಳಿಕೆ. ಮಲಗುವ ಮುನ್ನ ಕೆಂಡವನ್ನು ಹೊರಗಿಡಬೇಕು. ವಿದ್ಯುತ್ತು ಹೋದಾಗ ನಡೆಸುವ ಜನರೇಟರನ್ನು ಮಳೆ ತಾಗೀತೆಂದು ಪಡಸಾಲೆಯೊಳಗೆ ತರಬಾರದು. ಗಾಳಿಕಿಂಡಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕಿಸಬಾರದು.

ನಿಲ್ಲುವ ಹಿಮ, ಹರಿಯುವ ನೀರು

ಇನ್ನು ಭೇದದ ಮಾತಿಗೆ ಬರೋಣ. ಹತ್ತು ಇಂಚು ಹೊಸ ಹಿಮ ಕರಗಿದರೆ ಸುಮಾರು ಒಂದು ಇಂಚು ನೀರಾಗುತ್ತದೆ. 100 ಚದರ ಮೀಟರ್ ಮಾಡಿನ ಮೇಲೆ ಒಂದು ಇಂಚು ನೀರೆಂದರೆ ಸುಮಾರು 2,500 ಲೀಟರ್, ಅಂದರೆ ಎರಡೂವರೆ ಟನ್ ಭಾರ. ಹಿಮದ ನಾಡಿನಲ್ಲಿ ಆ ಭಾರ ಬಿದ್ದಲ್ಲಿಯೇ ಕುಳಿತಿರುತ್ತದೆ. ಆದುದರಿಂದ ಅಲ್ಲಿಯ ಚಿಂತೆ ಮಾಡಿನ ಬಲದ್ದು, ಮುಚ್ಚಿದ ಹಾದಿಯದ್ದು. ಗಟ್ಟಿಯಾದ ಮನೆ, ಒಳಗೆ ಬಿಸಿ, ಅಟ್ಟಣಿಗೆಯಲ್ಲಿ ದವಸ ಇದ್ದರೆ ಒಳಗಿರುವುದೇ ಕ್ಷೇಮ. ಬಿರುಗಾಳಿಯ ಹೊತ್ತಿನಲ್ಲಿ ಹೊರಗೆ ಕಾಲಿಡದಿರುವುದೇ ಅಲ್ಲಿಯ ಮೊದಲ ನೀತಿ.

ನಮ್ಮಲ್ಲಿ ಅದೇ ನೀರು ನಿಲ್ಲುವುದಿಲ್ಲ. ಕಾಫಿ ತೋಟದ ರೈಟರು ಮಳೆಮಾಪಕ ನೋಡಿ ‘ಇಂದು ಎಂಟು ಇಂಚು’ ಎಂದು ಬರೆದುಕೊಂಡ ದಿನ, ಅದೇ ಅಳತೆಯ ಮಾಡಿನಿಂದ 20,000 ಲೀಟರಿಗೂ ಹೆಚ್ಚು ನೀರು ಸೂರಿನಿಂದ ಕೆಳಗಿಳಿದಿರುತ್ತದೆ. ಮಾಡಿನ ಮೇಲೆ ಬಿದ್ದುದು ಅಷ್ಟಾದರೆ ಮನೆಯ ಹಿಂದಿನ ಇಡೀ ಗುಡ್ಡದ ಮೇಲೆ ಬಿದ್ದುದೆಷ್ಟು! ಅದರಲ್ಲಿ ಒಂದಷ್ಟು ಹರಿದು ಹಳ್ಳ ಸೇರಿದರೆ, ಒಂದಷ್ಟು ಮಣ್ಣಿನೊಳಗೆ ಇಂಗುತ್ತದೆ. ದಿನಗಟ್ಟಲೆ ಇಂಗಿದ ಮಣ್ಣು ಭಾರವಾಗಿ, ಕಣಕಣಗಳ ಹಿಡಿತ ಸಡಿಲವಾಗಿ, ಒಂದು ಗಳಿಗೆಯಲ್ಲಿ ಜಾರುತ್ತದೆ. ಇಲ್ಲಿ ಮನೆಯು ಎಷ್ಟು ಗಟ್ಟಿಯೆಂಬುದು ಮುಖ್ಯವಲ್ಲ. ಮನೆ ನಿಂತ ನೆಲ ನಿಲ್ಲುವುದೇ ಎಂಬುದು ಮುಖ್ಯ.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮರುವರ್ಷ, 2019ರ ಆಗಸ್ಟ್ ತಿಂಗಳ ಆಶ್ಲೇಷ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಊರುಗಳಲ್ಲಿ ಗುಡ್ಡ ಜರಿದು ಮನೆ, ತೋಟ, ಗದ್ದೆಗಳು ಮಣ್ಣುಪಾಲಾದವು. ಚಾರ್ಮಾಡಿ ಘಾಟಿಯ ರಸ್ತೆ ಹಲವೆಡೆ ಕುಸಿದು ಸಂಚಾರ ನಿಂತಿತು. ಭದ್ರೆ ಉಕ್ಕಿ ಕಳಸ-ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಅದೇ ತಿಂಗಳ 30ರಂದು, ಜನ ನಿದ್ರಿಸುತ್ತಿದ್ದ ಹೊತ್ತಿನಲ್ಲಿ, ಕೇರಳದ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋಗಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಮಳೆ ನಮ್ಮ ಹಿರಿಯರ ಕಾಲದಲ್ಲಿಯೂ ಇತ್ತು. ಆದರೆ ಅವರು ಮನೆ ಕಟ್ಟುವ ಮುನ್ನ ನೀರಿನ ದಾರಿ ಬಿಟ್ಟು ನೆಲ ಹಿಡಿಯುತ್ತಿದ್ದರು. ಇಂದು ಯಂತ್ರ ತಂದು ಗುಡ್ಡವನ್ನು ನೆಟ್ಟಗೆ ಕಡಿದು, ಅದರ ಬುಡದಲ್ಲಿ ಮನೆ, ಅಂಗಡಿ, ತಂಗುದಾಣಗಳನ್ನು ಕಟ್ಟುತ್ತೇವೆ. ಹಾಗೆ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಗೆ ನಮ್ಮ ಕಡೆ ‘ಧರೆ’ ಎನ್ನುತ್ತಾರೆ. ಮನೆಯ ಹಿಂದೆ ಧರೆಯುಳ್ಳವರು ಮಳೆಗಾಲಕ್ಕೆ ಮುಂಚೆ ಅದರ ಮೇಲ್ಭಾಗದಲ್ಲಿ ಅಡ್ಡ ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಧರೆಯ ಅಂಚಿನಲ್ಲಿ ಬಾಗಿ ನಿಂತ ದೊಡ್ಡ ಮರದ ಕೊಂಬೆಗಳನ್ನು ಇಳಿಸಿ ಭಾರ ಕಡಿಮೆ ಮಾಡಬೇಕು. ತಡೆಗೋಡೆ ಕಟ್ಟಿಸಿದ್ದರೆ ಅದರೊಳಗಿನ ನೀರು ಹೊರಬರುವ ರಂಧ್ರಗಳು ಮುಚ್ಚಿಹೋಗಿಲ್ಲವೆಂದು ನೋಡಬೇಕು. ಧರೆಯ ಪಕ್ಕದ ಕೋಣೆಯಲ್ಲಿ ಮಕ್ಕಳನ್ನೂ ವೃದ್ಧರನ್ನೂ ಮಲಗಿಸಬಾರದು.

ಹೊರಡುವ ಹೊತ್ತು

ನಮ್ಮ ಹಿರಿಯರ ವಿದ್ಯೆ ಒಳಗೆ ಬಾಳುವ ವಿದ್ಯೆ ಎಂದೆನಷ್ಟೆ. ಅದಕ್ಕೆ ಇಂದು ಇನ್ನೊಂದನ್ನು ಸೇರಿಸಬೇಕಾಗಿದೆ. ಅದು ಹೊರಡುವ ವಿದ್ಯೆ. ಹಿಮದ ಮನೆಯಲ್ಲಿ ಕಾಯುವವನು ಗೆಲ್ಲುತ್ತಾನೆ. ಇಳಿಜಾರಿನ ಮಳೆಯ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಹೊರಟವನು ಉಳಿಯುತ್ತಾನೆ.

2019ರ ಆ ಆಗಸ್ಟ್ ತಿಂಗಳಲ್ಲಿ ನಮ್ಮ ಮನೆಯಲ್ಲಿಯೂ ಈ ಪ್ರಶ್ನೆ ಎದ್ದಿತ್ತು. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಅಡಿಗೆಮನೆಯ ಹಿಂದಿನ ಧರೆಯ ಮೇಲೆ ಬೆರಳು ತೂರುವಷ್ಟು ಬಿರುಕು ಕಾಣಿಸಿತು. ಧರೆಯ ಬುಡದಲ್ಲಿ ಎಂದೂ ಇಲ್ಲದ ಜಲವೆದ್ದು ಕೆಂಪು ನೀರು ಹರಿಯತೊಡಗಿತು. ನೆರೆಯ ಮನೆಯವರು ಬಂದು, “ಅವ್ವಾ, ಈ ರಾತ್ರಿ ನಮ್ಮಲ್ಲಿಗೆ ಬನ್ನಿ” ಎಂದು ಕರೆದರು. ಅತ್ತೆಯವರು ಏಳಲಿಲ್ಲ. “ಮದುವೆಯಾಗಿ ಬಂದಾಗಿನಿಂದ ಈ ಮಳೆ ನೋಡಿದ್ದೇನೆ. ದೇವರ ಮನೆಯಲ್ಲಿ ದೀಪ ಹಚ್ಚುವವರಿಲ್ಲದೆ ಮನೆ ಬಿಟ್ಟು ಹೇಗೆ ಬರಲಿ?” ಎಂದರು. ಮಾತಿನಲ್ಲಿ ಎರಡು ಗಂಟೆ ಕಳೆಯಿತು. ಕತ್ತಲಾಗುತ್ತ ಬಂತು. ಕಡೆಗೆ ನೆರೆಮನೆಯ ಹಿರಿಯರು, “ಅಕ್ಕಾ, ನಿಮ್ಮ ಲಿಂಗಯ್ಯ ನಿಮ್ಮ ಎದೆಯ ಮೇಲೆಯೇ ಇದ್ದಾನಲ್ಲ. ನೀವು ಎಲ್ಲಿದ್ದರೆ ಪೂಜೆ ಅಲ್ಲಿಯೇ ತಾನೆ?” ಎಂದರು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ವಿಭೂತಿಗಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು ಎದ್ದರು. ದನಗಳ ಕಣ್ಣಿ ಬಿಚ್ಚಿ, ಮನೆಯ ವಿದ್ಯುತ್ ಮೈನ್ ಸ್ವಿಚ್ ಇಳಿಸಿ, ಗ್ಯಾಸ್ ಮುಚ್ಚಿ ಹೊರಟೆವು. ಅದೇ ರಾತ್ರಿ ಧರೆ ಕುಸಿದು ಅಡಿಗೆಮನೆಯ ಹಿಂಗೋಡೆ ಒಳಗೆ ಬಿತ್ತು. ಅತ್ತೆಯವರು ಮಲಗುತ್ತಿದ್ದುದು ಒಲೆಯ ಬಿಸಿಗೆಂದು ಆ ಗೋಡೆಯ ಪಕ್ಕದಲ್ಲಿಯೇ.

ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸುವ ನಾವು ಗೋಡೆಗಳಿಗೆ ಅಂಟಿಕೊಂಡು ಪ್ರಾಣ ಕಳೆದುಕೊಳ್ಳುವುದು ಧರ್ಮವೆನಿಸದು. ಹಿರಿಯರಿರುವ ಮನೆಗಳಲ್ಲಿ ಈ ಮಾತನ್ನು ಮಳೆ ಬರುವ ಮುಂಚೆಯೇ ಆಡಿ ಮುಗಿಸಿರಬೇಕು. ಅಪಾಯ ಬಂದಾಗ ವಾದಕ್ಕೆ ಸಮಯವಿರುವುದಿಲ್ಲ.

ಹೊರಡುವ ಲಕ್ಷಣಗಳು ಇವು: ನೆಲದಲ್ಲಾಗಲಿ ಧರೆಯಲ್ಲಾಗಲಿ ಹೊಸ ಬಿರುಕು; ಮರ, ಬೇಲಿಗೂಟ, ವಿದ್ಯುತ್ ಕಂಬಗಳು ಓರೆಯಾಗುವುದು; ಸರಾಗವಾಗಿದ್ದ ಬಾಗಿಲು ಕಿಟಕಿಗಳು ಇದ್ದಕ್ಕಿದ್ದಂತೆ ಬಿಗಿಯಾಗುವುದು; ಹೊಸ ಜಲವೇಳುವುದು; ತಿಳಿಯಾದ ಒರತೆ ಕೆಸರಾಗುವುದು; ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ಹಠಾತ್ತನೆ ಕಡಿಮೆಯಾಗುವುದು; ಗುಡ್ಡದ ಕಡೆಯಿಂದ ಗುಡುಗಿನಂತಹ ಸದ್ದು. ಹಳ್ಳದ ನೀರು ಇಳಿಯಿತೆಂದು ಸಂತೋಷಪಡಬಾರದು. ಮೇಲೆಲ್ಲೋ ಮಣ್ಣು, ಮರಗಳು ಕಟ್ಟೆ ಹಾಕಿರಬಹುದು, ಅದು ಒಡೆದರೆ ಒಮ್ಮೆಲೇ ಪ್ರವಾಹ. ಇವುಗಳಲ್ಲಿ ಒಂದು ಕಂಡರೂ ಹಗಲು ಇರುವಾಗಲೇ ಹೊರಡಬೇಕು. ಹೊರಟ ಮೇಲೆ ಹಳ್ಳದ ದಂಡೆ ಹಿಡಿದು ಹೋಗಬಾರದು. ಗುಡ್ಡ ಜಾರುವ ದಾರಿಯಿಂದ ಪಕ್ಕಕ್ಕೆ ಸರಿಯಬೇಕು. ಮರೆತ ವಸ್ತುವಿಗೆಂದು ಹಿಂದಿರುಗಬಾರದು.

ಹವಾಮಾನ ಇಲಾಖೆಯು 24 ಗಂಟೆಗಳಲ್ಲಿ 64.5 ಮಿಲಿಮೀಟರ್, ಅಂದರೆ ಸುಮಾರು ಎರಡೂವರೆ ಇಂಚು ಮುಟ್ಟಿದ ಮಳೆಯನ್ನು ಭಾರೀ ಮಳೆಯೆಂದೂ, 115.6 ಮಿಲಿಮೀಟರ್ ಮುಟ್ಟಿದುದನ್ನು ಅತಿ ಭಾರಿಯೆಂದೂ, 204.4 ಮಿಲಿಮೀಟರ್ ಅಥವಾ ಸುಮಾರು ಎಂಟು ಇಂಚು ದಾಟಿದುದನ್ನು ಅತ್ಯಂತ ಭಾರಿಯೆಂದೂ ವರ್ಗೀಕರಿಸಿದೆ. ಹಳದಿ ಎಚ್ಚರಿಕೆಯೆಂದರೆ ಗಮನವಿಡಿ, ಕಿತ್ತಳೆಯೆಂದರೆ ಸಿದ್ಧರಾಗಿ, ಕೆಂಪು ಎಂದರೆ ಕಾರ್ಯಪ್ರವೃತ್ತರಾಗಿ ಎಂದರ್ಥ. ಮಲೆನಾಡಿಗರಿಗೆ ಎಂಟು ಇಂಚು ಮಳೆ ಹೊಸದಲ್ಲವೆಂಬುದು ನಿಜ. ಆದರೆ ಹಿಂದಿನ ಮೂರು ನಾಲ್ಕು ದಿನಗಳ ಮಳೆಯನ್ನೂ ಕೂಡಿಸಿ ಲೆಕ್ಕ ಹಾಕಬೇಕು. ತುಂಬಿದ ಕೊಡಕ್ಕೆ ಕಡೆಯ ಒಂದು ತಂಬಿಗೆಯೇ ಸಾಕು.

ಒಂದು ಚೀಲವನ್ನು ಜೂನ್ ತಿಂಗಳಿನಿಂದಲೇ ಬಾಗಿಲ ಬಳಿ ತೂಗುಹಾಕಿರಬೇಕು. ಜಮೀನಿನ ಪತ್ರ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅದರಲ್ಲಿಡಬೇಕು. ಔಷಧಿ, ಟಾರ್ಚು, ಸ್ವಲ್ಪ ನಗದು, ಒಂದು ಜೊತೆ ಒಣಬಟ್ಟೆ, ಮಕ್ಕಳಿಗೆ ತಿನಿಸು ಇರಬೇಕು. ಸಂಪರ್ಕಕ್ಕೆ ತುರ್ತು ಸೇವೆಯ 112, ಆಂಬುಲೆನ್ಸಿನ 108, ಜಿಲ್ಲಾ ವಿಪತ್ತು ಸಹಾಯವಾಣಿಯ 1077, ವಿದ್ಯುತ್ ದೂರಿನ 1912, ಈ ಸಂಖ್ಯೆಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡುವುದು ಒಳ್ಳೆಯದು. ತುಂಡಾಗಿ ಬಿದ್ದ ತಂತಿಯ ಹತ್ತಿರ ಯಾರೂ ಸುಳಿಯಬಾರದು.

ಪೇಟೆಯಲ್ಲಿರುವವರಿಗೆ

ಮೂಡಿಗೆರೆ, ಚಿಕ್ಕಮಗಳೂರುಗಳಲ್ಲಿಯೂ ಬೆಂಗಳೂರಿನಲ್ಲಿಯೂ ವಾಸಿಸುವ ಬಂಧುಗಳಿಗೆ ಗುಡ್ಡದ ಭಯವಿಲ್ಲದಿರಬಹುದು. ನೀರಿನ ಭಯ ತಪ್ಪಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ನೀರು ನುಗ್ಗಿ, ಜನ ದೋಣಿಯಲ್ಲಿಯೂ ಟ್ರ್ಯಾಕ್ಟರಿನಲ್ಲಿಯೂ ಹೊರಬರಬೇಕಾಯಿತು. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನಿಂತ ನೀರಿಗೆ ಇಳಿದ ಕಾರೊಂದು ಮುಳುಗಿ ಒಬ್ಬ ತರುಣಿ ಮೃತಪಟ್ಟಳು. ಎರಡು ಅಡಿ ಹರಿಯುವ ನೀರು ಸಾಮಾನ್ಯ ಕಾರನ್ನು ತೇಲಿಸಿಕೊಂಡು ಹೋಗಬಲ್ಲುದು. ನೀರಿನ ಆಳ ತಿಳಿಯದಿದ್ದರೆ ಹಿಂದಿರುಗುವುದೇ ಜಾಣತನ. ಮುಳುಗಿದ ಸೇತುವೆಯನ್ನು ‘ದಾಟಿಬಿಡೋಣ’ ಎನ್ನುವ ಹುಮ್ಮಸ್ಸು ಎಷ್ಟೋ ಮನೆಗಳ ದೀಪವನ್ನು ಆರಿಸಿದೆ.

ಹಿಮದ ನಗರಗಳಲ್ಲಿ ಮನೆಯ ಮುಂದಿನ ಹಾದಿಯನ್ನು ಮನೆಯವನೇ ಬಿಡಿಸುತ್ತಾನೆಂಬುದನ್ನು ಮೇಲೆ ಹೇಳಿದ್ದೇನೆ. ನಮ್ಮ ಪೇಟೆಗಳಲ್ಲಿಯೂ ಪ್ರತಿ ಮನೆಯವರು ಮೇ ತಿಂಗಳಲ್ಲಿ ತಮ್ಮ ಮನೆಯ ಮುಂದಿನ ಚರಂಡಿಯ ಕಸವನ್ನು ತೆಗೆದರೆ ಅರ್ಧ ಕಷ್ಟ ಕಡಿಮೆಯಾದೀತು. ಪುರಸಭೆಯ ಕರ್ತವ್ಯ ಪುರಸಭೆಗಿರಲಿ. ನಾವು ಎಸೆದ ಪ್ಲಾಸ್ಟಿಕ್ ಚೀಲ ನಮ್ಮ ಬಾಗಿಲಿಗೇ ನೀರು ತರುತ್ತದೆಂಬುದು ನೆನಪಿರಲಿ. ನಿಂತ ಕೊಳಕು ನೀರಿನಲ್ಲಿ ಬರಿಗಾಲಿನಲ್ಲಿ ನಡೆದರೆ ಇಲಿಜ್ವರ ತಗಲುವ ಭಯವೂ ಉಂಟು. ಮಳೆಗಾಲದಲ್ಲಿ ಜ್ವರ, ಮೈಕೈ ನೋವು ಬಂದರೆ ಮನೆಮದ್ದಿನಲ್ಲಿಯೇ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು.

ಶ್ರಾವಣ ಮಾಸದ ಪುರಾಣ ಪ್ರವಚನಗಳಿಗೂ ಕ್ಷೇತ್ರದರ್ಶನಕ್ಕೂ ಘಾಟಿಗಳನ್ನು ದಾಟಿ ಹೋಗುವ ಸದ್ಭಕ್ತರು ಹಗಲಿನಲ್ಲಿ ಪ್ರಯಾಣ ಮಾಡಲಿ. ಚಾರ್ಮಾಡಿಯಂತಹ ಘಾಟಿಯಲ್ಲಿ ಜಲಪಾತ ನೋಡಲೆಂದು ಧರೆಯ ಬುಡದಲ್ಲಿ ವಾಹನ ನಿಲ್ಲಿಸದಿರಲಿ. ಕೆಂಪು ಎಚ್ಚರಿಕೆಯ ದಿನ ಯಾತ್ರೆಯನ್ನು ಮುಂದೂಡಿದರೆ ಭಕ್ತಿಗೆ ಊನವಿಲ್ಲ.

ನೆರೆಹೊರೆಯೇ ಆಸರೆ

ಹಿಮದಲ್ಲಾಗಲಿ ಮಳೆಯಲ್ಲಾಗಲಿ ಹೆಚ್ಚು ಅಪಾಯಕ್ಕೆ ಗುರಿಯಾಗುವವರು ಒಂಟಿಯಾಗಿರುವ ವೃದ್ಧರು. ಇಂದು ಮಲೆನಾಡಿನ ದೊಡ್ಡ ದೊಡ್ಡ ಮನೆಗಳಲ್ಲಿ ಇಬ್ಬರೇ ಹಿರಿಯರು ಉಳಿದಿದ್ದಾರೆ, ಮಕ್ಕಳು ದೂರದಲ್ಲಿದ್ದಾರೆ. ಅವರನ್ನು ಮಳೆಗಾಲದಲ್ಲಿ ದಿನಕ್ಕೊಮ್ಮೆ ವಿಚಾರಿಸುವುದು ನೆರೆಯವರ ದಾಸೋಹವೆನಿಸುತ್ತದೆ. ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲ. ಹೊತ್ತಿಗೆ ಬಾಗಿಲು ತಟ್ಟುವುದೂ ದಾಸೋಹವೇ. ಊರೂರಿನ ಸಮಾಜದವರು ಮಠದ ಸಭಾಭವನ, ಶಾಲೆ, ಸಮುದಾಯ ಭವನಗಳಲ್ಲಿ ಗುಡ್ಡದಿಂದಲೂ ಹಳ್ಳದಿಂದಲೂ ದೂರವಾದ ಒಂದನ್ನು ಗೊತ್ತುಮಾಡಿ, ಅಲ್ಲಿ ಕಂಬಳಿ, ಪಾತ್ರೆ, ದವಸಗಳನ್ನು ಮುಂಚಿತವಾಗಿ ಇರಿಸುವುದು ಲೇಸು. ಅಲ್ಲಿಗೆ ಬರುವವರಲ್ಲಿ ತೋಟದ ಕೂಲಿಕಾರರು ಯಾರು, ಸಾಹುಕಾರರು ಯಾರು ಎಂಬ ಭೇದ ಕೂಡದು. ಗುಡ್ಡ ಜಾರುವಾಗ ಲೈನ್ ಮನೆ, ಬಂಗಲೆ ಎಂದು ಎಣಿಸುವುದಿಲ್ಲ.

ವಿದೇಶಗಳಲ್ಲಿರುವ ನಮ್ಮ ಮಕ್ಕಳಿಗೂ ಇದೇ ಮಾತು. ಉತ್ತರ ಅಮೆರಿಕದ ವೀರಶೈವ ಸಮಾಜ, ಆಯಾ ನಗರಗಳ ಕನ್ನಡ ಕೂಟಗಳು ಇರುವುದು ಹಬ್ಬದ ಊಟಕ್ಕೆ ಮಾತ್ರವಲ್ಲ. ಹಿಮದ ದಿನಗಳಲ್ಲಿ ಹೊಸದಾಗಿ ಬಂದ ವಿದ್ಯಾರ್ಥಿಗೆ, ಪುಟ್ಟ ಮಗುವಿರುವ ಮನೆಗೆ, ಅತಿಥಿಗಳಾಗಿ ಬಂದ ವೃದ್ಧ ತಂದೆತಾಯಿಗಳಿಗೆ ಒಂದು ದೂರವಾಣಿ ಕರೆ ಮಾಡುವುದು ಎಷ್ಟೋ ಧೈರ್ಯ ಕೊಡುತ್ತದೆ.

ಧರೆ ಕುಸಿದ ಅಡಿಗೆಮನೆಯನ್ನು ನಾವು ಆಮೇಲೆ ಮುಂಭಾಗಕ್ಕೆ ಸರಿಸಿ ಕಟ್ಟಿಸಿದೆವು. ಈಗ ಪ್ರತಿವರ್ಷ ಮೇ ತಿಂಗಳಲ್ಲಿ ಹಪ್ಪಳದ ಡಬ್ಬ ಅಟ್ಟ ಸೇರಿದ ದಿನವೇ ಅತ್ತೆಯವರು, “ಆ ಚೀಲ ಎಲ್ಲಿ?” ಎಂದು ಕೇಳಿ, ಅದನ್ನು ತಾವೇ ಬಾಗಿಲ ಬಳಿ ತೂಗುಹಾಕಿಸುತ್ತಾರೆ. ಮೊಮ್ಮಗ ಕರೆ ಮಾಡಿ, “ಅಜ್ಜಿ, ಮಳೆ ಜೋರಂತೆ, ಹುಷಾರು” ಎಂದರೆ, “ನೀನು ಅಲ್ಲಿ ಹಿಮ ನಿಲ್ಲುವ ತನಕ ಒಳಗಿರಪ್ಪ. ನಾನು ಇಲ್ಲಿ ಮಳೆ ನಿಲ್ಲದಿದ್ದರೆ ಹೊರಡುತ್ತೇನೆ” ಎನ್ನುತ್ತಾರೆ. ಪ್ರತಿಯೊಂದು ಮನೆಯಲ್ಲಿಯೂ ಅಟ್ಟದ ಮೇಲೆ ದವಸವೂ ಇರಲಿ, ಬಾಗಿಲ ಬಳಿ ಚೀಲವೂ ಇರಲಿ. ಎರಡೂ ಸಿದ್ಧವಿರುವ ಮನೆಯವರು ಆಶ್ಲೇಷ ಮಳೆಯನ್ನು ನೆಮ್ಮದಿಯಿಂದ ಎದುರಿಸಬಲ್ಲರು.